ಅಳೆಯಬೇಕಾದುದು ಬಿಚ್ಚಿದ ಮೇಲಿನ ಗಾತ್ರವನ್ನು

ಪ್ರಯೋಗಾಲಯದ ತಾಪದ ಅಳತೆಗಳನ್ನು ಸರ್ವರ್‌ಗೆ ಕಳಿಸುವ ಪ್ರಾಜೆಕ್ಟೊಂದನ್ನು ನಿಮ್ಮ ವಿದ್ಯಾರ್ಥಿಗಳು ಕೈಗೊಂಡಿದ್ದಾರೆ ಎಂದುಕೊಳ್ಳಿ. ದತ್ತಾಂಶ ಹೆಚ್ಚಿದ್ದರೆ ಅದನ್ನು 'ಜಿ-ಜಿಪ್' ವಿಧಾನದಲ್ಲಿ ಅಡಕಗೊಳಿಸಿ ಕಳಿಸಬಹುದು. ಸರ್ವರ್‌ನ ಲೈಬ್ರರಿ ಅದನ್ನು ಬಿಚ್ಚಿ ನಮ್ಮ ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಬಹಳ ಅನುಕೂಲ, ನಿಜ. ಆದರೆ ಸ್ವೀಕರಿಸಬಹುದಾದ ಗರಿಷ್ಠ ಗಾತ್ರಕ್ಕೆ ಮಿತಿ ಹಾಕುವಾಗ ಅಳೆಯಬೇಕಾದುದು ಬಿಚ್ಚುವ ಮೊದಲೋ, ನಂತರವೋ?

ಸಣ್ಣ ಲೆಕ್ಕ ಮಾಡೋಣ. ಈ ವಿಧಾನದಲ್ಲಿ 'ಹಿಂದಿನದನ್ನೇ ಮತ್ತೆ ಬರೆ' ಎಂಬ ಒಂದು ಸೂಚನೆ ಗರಿಷ್ಠ 258 ಬೈಟ್‌ಗಳನ್ನು ಬರೆಸಬಲ್ಲುದು. ಆ ಸೂಚನೆಗೆ ಕನಿಷ್ಠ 2 ಬಿಟ್ ಸಾಕು. 258 × 8 ÷ 2 = 1032. ಅಂದರೆ 10 ಕಿಲೋಬೈಟಿನ ಪೊಟ್ಟಣ ಸರ್ವರ್‌ನ ಸ್ಮೃತಿಯಲ್ಲಿ ಸುಮಾರು 10 ಮೆಗಾಬೈಟ್ ಆಗಬಲ್ಲುದು. ಹೊರಗಿನ ತೂಕ ನೋಡಿ ಒಳಗೆ ಬಿಟ್ಟರೆ ಅಪಾಯ ತಪ್ಪಿದ್ದಲ್ಲ.

ಅಪಾಚೆ ಸರ್ವರ್‌ನ 'ಮಾಡ್-ಡಿಫ್ಲೇಟ್' ಘಟಕದ ಕೈಪಿಡಿ, ಕೋರಿಕೆಯಲ್ಲಿ ನಮೂದಾದ ಉದ್ದ ಬಿಚ್ಚಿದ ದತ್ತಾಂಶದ ಉದ್ದವಲ್ಲ ಎಂದು ಎಚ್ಚರಿಸುತ್ತದೆ. ಎಚ್ಚರಿಕೆ ಬೇರೆ, ತಡೆ ಬೇರೆ. ಇದೇ ದಾರಿಯಿಂದ ಸರ್ವರನ್ನು ಬಳಲಿಸಬಹುದೆಂಬ ದೋಷ ಹೊರಬಿದ್ದು, 2014ರ 2.4.10 ಆವೃತ್ತಿಯಲ್ಲಿ ಮಿತಿಗಳು ಬಂದವು. ಹಿಗ್ಗುವ ಅನುಪಾತಕ್ಕೆ ಅಲ್ಲಿ ಸಹಜವಾಗಿ ಇಟ್ಟಿರುವ ಮಿತಿ 200. ನನ್ನ ಆಕ್ಷೇಪ ಇಲ್ಲಿದೆ: ಅನುಪಾತವೊಂದೇ ಸರಿಯಾದ ಅಳತೆಗೋಲಲ್ಲ. ರಾತ್ರಿಯಿಡೀ ಬದಲಾಗದ ತಾಪದ ಪ್ರಾಮಾಣಿಕ ದಾಖಲೆಯೂ ಬಹಳ ಅಡಕವಾಗಬಲ್ಲುದು. ಸ್ಮೃತಿಯನ್ನು ತುಂಬುವುದು ಅನುಪಾತವಲ್ಲ, ಬೈಟ್‌ಗಳು. ಬಿಚ್ಚಿದ ಗಾತ್ರದ ಮಿತಿಯೂ ಆ ಆವೃತ್ತಿಯಲ್ಲಿದೆ. ಮೊದಲು ಹೊಂದಿಸಬೇಕಾದುದು ಅದನ್ನೇ.

ನೋಡ್ ಜಾವಾಸ್ಕ್ರಿಪ್ಟ್ ಬಳಸುವವರಿಗೆ ಪರಿಚಿತವಾದ 'ಬಾಡಿ-ಪಾರ್ಸರ್' ಈ ವಿಷಯದಲ್ಲಿ ಮೇಲು. ಅದರ 100 ಕಿಲೋಬೈಟಿನ ಸಹಜ ಮಿತಿ ಬಿಚ್ಚಿ ಹರಿದು ಬರುವ ಬೈಟ್‌ಗಳಿಗೇ ಅನ್ವಯಿಸುತ್ತದೆ. ಮೀರಿದರೆ 413 ಎಂಬ ಉತ್ತರ. ಆದರೆ ಬಿಚ್ಚುವ ಸೌಲಭ್ಯವನ್ನು ಕೇಳದೆಯೇ ಚಾಲೂ ಇಟ್ಟಿರುವುದನ್ನು ನಾನು ಒಪ್ಪಲಾರೆ. ಬೇಡವಾದವರು ಅದನ್ನು ನಿಲ್ಲಿಸಬಹುದು. ಆಗ ಅಡಕಗೊಂಡ ಕೋರಿಕೆಗೆ 415 ಎಂಬ ಉತ್ತರ ಹೋಗುತ್ತದೆ. ದೊಡ್ಡ ಕಡತ ಬಂದಾಗ ಯೋಚಿಸದೆ ಮಿತಿಯನ್ನು ಏರಿಸಿಬಿಟ್ಟರೆ ಮಾತ್ರ ಯಾವ ಲೈಬ್ರರಿಯೂ ಕಾಪಾಡದು.

ನೀವೇ ಪರೀಕ್ಷಿಸಿ. 10 ಮೆಗಾಬೈಟ್ ಸೊನ್ನೆಗಳನ್ನು ಅಡಕಗೊಳಿಸಿ ನಿಮ್ಮದೇ ಪ್ರಯೋಗದ ಸರ್ವರ್‌ಗೆ ಕಳಿಸಿ. ಮಿತಿ 100 ಕಿಲೋಬೈಟ್ ಇದ್ದೂ ಕೋರಿಕೆ ಒಳಗೆ ಹೋದರೆ, ಅಳತೆ ತಪ್ಪಾದ ಜಾಗದಲ್ಲಿ ನಡೆಯುತ್ತಿದೆ ಎಂದೇ ಅರ್ಥ. ಯಾವ ರಾಶಿಯನ್ನು, ಎಲ್ಲಿ ಅಳೆಯುತ್ತಿದ್ದೇವೆ ಎಂಬ ಪ್ರಶ್ನೆ ಭೌತವಿಜ್ಞಾನದ ಮೊದಲ ಪಾಠ, ಪ್ರೋಗ್ರಾಮಿಂಗಿಗೂ ಅದೇ.