ವಿಂದಾಲೂವಿನೊಳಗಿನ ಬಟಾಟೆ

ಹೋಟೆಲಿನ ಊಟ ಅಳೆಯುವಾಗ ನನ್ನದು ಬ್ಯಾಂಕಿನವನ ಪದ್ಧತಿ. ಬೋರ್ಡಿನಲ್ಲಿ ಬರೆದದ್ದಕ್ಕೂ ತಟ್ಟೆಗೆ ಬಂದದ್ದಕ್ಕೂ ತಾಳೆಯಾಗಬೇಕು. ಮೂವತ್ತೈದು ವರ್ಷ ಮುಂಬಯಿಯಲ್ಲೇ ಕಳೆದ ಕುಮಟೆಯವನಿಗೆ ರಜೆ ಎಂದರೆ ಗೋವಾ. ಅರ್ಧ ಊರು ಮುಟ್ಟಿದ ಹಾಗೆ. ಈ ಸಲ ಪಣಜಿಯಲ್ಲಿ, ‘ಅಪ್ಪಟ ಪೋರ್ಚುಗೀಸ್ ಅಡುಗೆ’ ಎಂದು ಬರೆದುಕೊಂಡಿದ್ದ ಒಂದು ಹೋಟೆಲಿಗೆ ಮನೆಯವಳೊಂದಿಗೆ ಹೋದೆ. ಗೋಡೆಗೆ ನೀಲಿ-ಬಿಳಿ ಟೈಲ್ಸು, ಮೆಲ್ಲಗೆ ಫಾದೊ ಹಾಡು.

ಮೊದಲು ಬಂದದ್ದು ಕಾಲ್ದೊ ವೆರ್ದೆ. ಬಟಾಟೆ ಬೇಯಿಸಿ ಮಸೆದು, ಎಳೆಎಳೆಯಾಗಿ ಹೆಚ್ಚಿದ ಸೊಪ್ಪು ಹಾಕಿದ ಸಾರು. ಹಂದಿಮಾಂಸದ ಸಾಸೇಜು ಬೇಡ ಎಂದರೆ ಸಸ್ಯಾಹಾರಿಗಳಿಗೂ ಆದೀತು. ನಿಜಕ್ಕೂ ಚೆನ್ನಾಗಿತ್ತು. ಬಕಲ್ಯಾವ್ ಮಾತ್ರ ಕೈಕೊಟ್ಟಿತು. ಅದು ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ನೀರು ಬದಲಿಸುತ್ತ ಒಂದು ದಿನವಾದರೂ ನೆನೆಸಬೇಕು. ಇಲ್ಲಿ ಆ ತಾಳ್ಮೆ ಇರಲಿಲ್ಲ. ಒಣಮೀನು ತಿಂದು ಬೆಳೆದ ನಾಲಗೆಗೆ ಇದು ತಿಳಿಯದೆ ಇರುತ್ತದೆಯೇ?

ಇನ್ನು ವಿಂದಾಲೂ. ಪೋರ್ಚುಗೀಸರು ವೈನು-ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಸುತ್ತಿದ್ದ ‘ವಿನ್ಯಾ ದಾಲ್ಯುಶ್’, ಗೋವಾದಲ್ಲಿ ವಿನೆಗರು, ಮೆಣಸಿನಕಾಯಿ ಸೇರಿ ವಿಂದಾಲೂ ಆಯಿತು. ಹೆಸರಿನ ‘ಆಲೂ’ಗೂ ಬಟಾಟೆಗೂ ಸಂಬಂಧವಿಲ್ಲ. ಆದರೂ ಇಲ್ಲಿ ನಾಲ್ಕು ಹೋಳು ಬಟಾಟೆ ತೇಲುತ್ತಿತ್ತು! ಉತ್ತರದ ಪ್ರವಾಸಿಗಳನ್ನು ಒಲಿಸುವ ಉಪಾಯವಿರಬೇಕು.

ಬಡಿಸುತ್ತಿದ್ದ ಹುಡುಗ ನಮ್ಮಿಬ್ಬರ ಮಾತು ಕೇಳಿ ಬಗ್ಗಿ ಪಿಸುಗುಟ್ಟಿದ: “ನಾವೂ ಹಾವೇರಿ ಕಡಿಯವ್ರ ಅದೀವ್ರಿ ಸಾಹೇಬ್ರ. ಒಳಗ ಅಡಿಗಿ ಮಾಡಾಂವ ನಮ್ಮಣ್ಣನ. ಗಿರಾಕಿ ಮುಂದ ಕನ್ನಡ ಮಾತಾಡಬ್ಯಾಡ್ರಿ ಅಂತ ಮಾಲಕರು ಹೇಳ್ಯಾರ್ರಿ.”

ಬಕಲ್ಯಾವಿನ ಉಪ್ಪಿಗಿಂತ ನನಗೆ ಕಹಿಯಾದದ್ದು ಈ ಮಾತು. ಹಾವೇರಿಯವನು ಪೋರ್ಚುಗೀಸ್ ಅಡುಗೆ ಮಾಡಿದರೆ ತಪ್ಪೇನು? 1510ರಿಂದ 1961ರವರೆಗೆ ಗೋವಾ ಆಳಿದವರ ಹಡಗುಗಳಲ್ಲೇ ಅಲ್ಲವೇ ಮೆಣಸಿನಕಾಯಿ ನಮ್ಮ ಕಡೆಗೆ ಬಂದದ್ದು? ಅದು ಬ್ಯಾಡಗಿಯಲ್ಲಿ ಬೇರೂರಿ ನಮ್ಮದೇ ಆಗಿಹೋಯಿತು. ನಾವನ್ನುವ ‘ಬಟಾಟೆ’ಯೂ ಅವರದೇ ಶಬ್ದ. ಅಪ್ಪಟ ಎಂಬುದು ಯಾರ ಅಡುಗೆಮನೆಯಲ್ಲಿದೆ ಹೇಳಿ? ಬೆರಕೆಯನ್ನು ನಾನು ಆಕ್ಷೇಪಿಸುವುದಿಲ್ಲ. ಬೆರೆಸಿದ ಕೈಯನ್ನು ಮುಚ್ಚಿಡುವುದನ್ನು ಆಕ್ಷೇಪಿಸುತ್ತೇನೆ.

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲುಗಳು ಊರಿನ ರುಚಿಯನ್ನು ಅಲ್ಲಿಯವರ ಬಾಯಿಗೆ ತಕ್ಕಂತೆ ಎಷ್ಟೋ ಬದಲಿಸಿಕೊಂಡಿವೆ. ಆದರೆ ಅಲ್ಲಿ ಕನ್ನಡ, ತುಳು ಗಲ್ಲಾದವರೆಗೂ ಕೇಳಿಸುತ್ತದೆ; ಅದರಿಂದ ಗಿರಾಕಿ ಕಡಿಮೆಯಾದದ್ದನ್ನು ನಾನಂತೂ ಕಾಣೆ. ಪರಊರಿನಲ್ಲಿ ದುಡಿಯುವವನಿಂದ ಕೆಲಸ ಕೇಳಬಹುದು, ನಾಲಗೆಯನ್ನಲ್ಲ.

ನನ್ನ ತೀರ್ಪು ಇಷ್ಟು: ಸಾರಿಗೆ ಪೂರ್ಣ ಅಂಕ, ಮೀನಿಗೆ ಅರ್ಧ, ವಿಂದಾಲೂವಿಗೆ ಸೊನ್ನೆ. ಆ ಬೋರ್ಡಿನಿಂದ ‘ಅಪ್ಪಟ’ ಅಳಿಸಿ, ಅಣ್ಣತಮ್ಮಂದಿರಿಗೆ ಬಾಯಿಬಿಟ್ಟು ಮಾತಾಡಲು ಬಿಟ್ಟರೆ, ನೀವೂ ಹೋಗಿ ಉಂಡು ಬನ್ನಿ ಎಂದು ಧಾರಾಳವಾಗಿ ಹೇಳುತ್ತೇನೆ.