ಮಾಣಿಕ್ಯದ ಬಣ್ಣ ಗೊತ್ತಿಲ್ಲದ ಮಗು

ಮಾಣಿಕ್ಯದ ಬಣ್ಣ ಯಾವುದು? ನಗದಿಗಿಂತ ಚೆಕ್ಕಿನಲ್ಲಿ ಬಿಲ್ಲು ಕಟ್ಟುವುದು ಏಕೆ ಮೇಲು? ಬೀದಿಯ ಭಿಕ್ಷುಕನಿಗೆ ಕೊಡುವುದಕ್ಕಿಂತ ದಾನಸಂಸ್ಥೆಗೆ ಹಣ ಕೊಡುವುದು ಏಕೆ ಒಳ್ಳೆಯದು?

ಅಮೆರಿಕದ ಸರಕಾರಿ ಶಾಲೆಗಳಲ್ಲಿ ಮಕ್ಕಳ ಬುದ್ಧಿಯನ್ನು ಅಳೆಯಲು ಬಳಸುತ್ತಿದ್ದ ವೆಕ್ಸ್‌ಲರ್ ಪರೀಕ್ಷೆಯಲ್ಲಿ ಇಂತಹ ಪ್ರಶ್ನೆಗಳಿದ್ದವು. ಒಂದು ಕಥೆಯನ್ನು ಓದುವಂತೆ ಇವನ್ನು ಓದಿ ನೋಡಿ. ಪ್ರಶ್ನೆ ಬರೆದವನ ಮನೆಯೇ ಕಣ್ಣ ಮುಂದೆ ಬರುತ್ತದೆ. ಆ ಮನೆಯಲ್ಲಿ ಒಡವೆಯಿದೆ, ಬ್ಯಾಂಕ್ ಖಾತೆಯಿದೆ, ಭಿಕ್ಷುಕನ ಬಗ್ಗೆ ಒಂದು ಖಚಿತ ಅಭಿಪ್ರಾಯವೂ ಇದೆ. ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಕಲಿತು ಬೆಳೆದ ಮಗು ಇಲ್ಲಿ ಏನೆಂದು ಉತ್ತರಿಸಬೇಕು? ತೀರ್ಪು ಪ್ರಶ್ನೆಯೊಳಗೇ ಇದೆ. ಮಗು ಅದಕ್ಕೆ ಕಾರಣ ಒದಗಿಸಿದರೆ ಬುದ್ಧಿವಂತ, ಇಲ್ಲವಾದರೆ ದಡ್ಡ.

ಈ ಪರೀಕ್ಷೆಯನ್ನು ನಡೆಸುತ್ತಿದ್ದವನು ಶಾಲಾ ಮನಶ್ಶಾಸ್ತ್ರಜ್ಞ. ಅಲ್ಲಿ ಒಂದು ಪ್ರದೇಶದ ಸರಕಾರಿ ಶಾಲೆಗಳನ್ನೆಲ್ಲ ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಆಡಳಿತ ಘಟಕ. ಈತ ಅದರ ನೌಕರ. 1915ರಲ್ಲಿ ಕನೆಕ್ಟಿಕಟ್ ರಾಜ್ಯವು ಆರ್ನಾಲ್ಡ್ ಗೆಸೆಲ್ ಅವರನ್ನು ನೇಮಿಸಿದಾಗ ಈ ಹುದ್ದೆಯ ಹೆಸರು ಮೊದಲ ಬಾರಿಗೆ ಬಳಕೆಗೆ ಬಂತೆನ್ನುತ್ತಾರೆ. ಅದಕ್ಕೂ ಹತ್ತು ವರ್ಷ ಹಿಂದೆ, 1905ರಲ್ಲಿ, ಪ್ಯಾರಿಸ್‌ನ ಆಲ್ಫ್ರೆಡ್ ಬಿನೆ ಬುದ್ಧಿಮಾಪನ ಪರೀಕ್ಷೆಯನ್ನು ರೂಪಿಸಿದ್ದರು. ಹಿಂದುಳಿದ ಮಗುವನ್ನು ಗುರುತಿಸಿ ನೆರವಾಗುವುದು ಅವರ ಉದ್ದೇಶವಾಗಿತ್ತು. ಬುದ್ಧಿ ಎಂಬುದು ಹೆಚ್ಚಿಸಲಾಗದ ಗಂಟು ಎಂಬ ಮಾತನ್ನು ಅವರು ಕಟುವಾಗಿ ವಿರೋಧಿಸಿದ್ದರು. ಅಟ್ಲಾಂಟಿಕ್ ದಾಟುವಾಗ ಪರೀಕ್ಷೆ ಮಾತ್ರ ಹಡಗೇರಿತು, ಎಚ್ಚರಿಕೆ ದಡದಲ್ಲೇ ಉಳಿಯಿತು.

ಪರಿಣಾಮವೇನಾಯಿತು? ಎಪ್ಪತ್ತರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಡಿಸ್ಟ್ರಿಕ್ಟಿನ ವಿದ್ಯಾರ್ಥಿಗಳಲ್ಲಿ ಕಪ್ಪು ಮಕ್ಕಳು ಶೇ. 28.5 ಇದ್ದರೆ, ಬುದ್ಧಿಮಾಂದ್ಯರೆಂದು ಪ್ರತ್ಯೇಕಿಸಿದ ತರಗತಿಗಳಲ್ಲಿ ಅವರ ಪ್ರಮಾಣ ಶೇ. 66. ಒಮ್ಮೆ ಆ ತರಗತಿ ಸೇರಿದ ಮಗು ಸಾಮಾನ್ಯ ತರಗತಿಗೆ ಮರಳುವುದು ಅಪರೂಪ. 1971ರಲ್ಲಿ ಕೆಲವು ಹೆತ್ತವರು ನ್ಯಾಯಾಲಯದ ಮೆಟ್ಟಿಲೇರಿದರು. ಲ್ಯಾರಿ ಪಿ. ಪ್ರಕರಣವೆಂದೇ ಅದು ಪ್ರಸಿದ್ಧ.

ಈ ಪ್ರಕರಣದಲ್ಲಿ ನನ್ನನ್ನು ಬಹುವಾಗಿ ಕಾಡಿದ್ದು ಒಂದು ಸಣ್ಣ ವಿವರ. ಕಪ್ಪು ಮನಶ್ಶಾಸ್ತ್ರಜ್ಞರು ಅದೇ ಮಕ್ಕಳನ್ನು ಮತ್ತೆ ಪರೀಕ್ಷಿಸಿದರು. ಮೊದಲು ಮಕ್ಕಳ ವಿಶ್ವಾಸ ಗಳಿಸಿದರು, ಅವರಿಗೆ ಪರಿಚಿತವಾದ ಮಾತಿನಲ್ಲಿ ಪ್ರಶ್ನೆ ಕೇಳಿದರು, ಪುಸ್ತಕದಲ್ಲಿಲ್ಲದ ಜಾಣ ಉತ್ತರಕ್ಕೂ ಅಂಕ ಕೊಟ್ಟರು. ಪ್ರತಿಯೊಂದು ಮಗುವೂ 75ರ ಗಡಿಯನ್ನು ದಾಟಿತು. ಪರೀಕ್ಷೆ ಹೆಚ್ಚುಕಡಿಮೆ ಅದೇ, ಮಕ್ಕಳೂ ಅವರೇ. ಬದಲಾದದ್ದು ಎದುರು ಕುಳಿತ ವ್ಯಕ್ತಿ ಮತ್ತು ಆತ ಕೇಳಿಸಿಕೊಂಡ ರೀತಿ.

1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್‌ಹ್ಯಾಮ್ ಹೆತ್ತವರ ಪರವಾಗಿ ತೀರ್ಪಿತ್ತರು. ಮರುವರ್ಷ ಶಿಕಾಗೋದ ಇಂತಹುದೇ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜಾನ್ ಗ್ರೇಡಿ ತದ್ವಿರುದ್ಧ ತೀರ್ಪು ಕೊಟ್ಟರು. ಅವರು ಪ್ರಶ್ನೆಗಳನ್ನು ಒಂದೊಂದಾಗಿ ತಾವೇ ಓದಿ, ವೆಕ್ಸ್‌ಲರ್‌ನ ಎಂಟು ಮತ್ತು ಸ್ಟ್ಯಾನ್‌ಫರ್ಡ್-ಬಿನೆಯ ಒಂದು ಪ್ರಶ್ನೆಯನ್ನಷ್ಟೇ ಪಕ್ಷಪಾತದ ಶಂಕೆಗೆ ಒಳಪಡಿಸಿದರು. ಮೇಲಿನ ಮೂರೂ ಆ ಎಂಟರಲ್ಲಿವೆ. ವಿಮರ್ಶಕನಂತೆ ಓದಿದ ಆ ನ್ಯಾಯಾಧೀಶರ ಶ್ರಮ ದೊಡ್ಡದೇ. ಆದರೆ ಒಂದು ಪ್ರಶ್ನೆ ಮಗುವಿನ ಕಿವಿಗೆ ಹೇಗೆ ಬೀಳುತ್ತದೆಂಬುದನ್ನು ದೊಡ್ಡವರ ಕಣ್ಣಿನ ಓದು ಎಷ್ಟರಮಟ್ಟಿಗೆ ಹೇಳೀತು?

ಪೆಕ್‌ಹ್ಯಾಮ್ ಅವರ ದಾರಿಯೂ ಸುಗಮವಾಗಲಿಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾ ಈ ನಿಷೇಧವನ್ನು ವಿಶೇಷ ಶಿಕ್ಷಣದ ಎಲ್ಲ ಉದ್ದೇಶಗಳಿಗೂ ವಿಸ್ತರಿಸಿತು, ಆದರೆ ಕಪ್ಪು ಮಕ್ಕಳಿಗೆ ಮಾತ್ರ. ತನ್ನ ಮಗನ ಕಲಿಕೆಯ ತೊಡಕು ಏನೆಂದು ತಿಳಿಯಲು ತಾಯಿಯೊಬ್ಬಳು ಪರೀಕ್ಷೆ ಬೇಡಿದಾಗ, ಮಗ ಕಪ್ಪು ಜನಾಂಗದವನಾದ್ದರಿಂದ ಆಗದು ಎಂಬ ಉತ್ತರ ಬಂತು. ತಾಯಿ ಮೆಕ್ಸಿಕನ್ ಮೂಲದವಳು. ಮಗನನ್ನು ಹಿಸ್ಪಾನಿಕ್ ಎಂದು ಬರೆಸಿದರೆ ಪರೀಕ್ಷೆ ಸಾಧ್ಯವಿತ್ತಂತೆ! ಆಕೆ ಮತ್ತಿತರ ಹೆತ್ತವರು ಹೂಡಿದ ದಾವೆಯಲ್ಲಿ ಪೆಕ್‌ಹ್ಯಾಮ್ ಅವರೇ 1992ರಲ್ಲಿ ಆ ವಿಸ್ತರಣೆಯನ್ನು ರದ್ದುಪಡಿಸಿದರು. ಅನ್ಯಾಯವನ್ನು ಸರಿಯಾಗಿ ಗುರುತಿಸಿದ ವ್ಯವಸ್ಥೆ, ಪರಿಹಾರದಲ್ಲಿ ಮತ್ತೆ ಮಗುವಿನ ಬಣ್ಣವನ್ನೇ ನೋಡಿತ್ತು.

ಕಾನೂನೇನೋ ಸುಧಾರಿಸಿದೆ. 1975ರ ಕಾಯಿದೆಯ ಪ್ರಕಾರ ಒಂದೇ ಪರೀಕ್ಷೆಯ ಆಧಾರದಲ್ಲಿ ನಿರ್ಧರಿಸುವಂತಿಲ್ಲ. ಸಾಧ್ಯವಿದ್ದಷ್ಟು ಮಗುವಿನ ಭಾಷೆಯಲ್ಲೇ ಪರೀಕ್ಷಿಸಬೇಕು. ಮನೆಯಲ್ಲಿ ಕನ್ನಡವನ್ನೇ ಆಡುವ ಮಗುವಿಗೂ ಅಲ್ಲಿ ಈ ಹಕ್ಕಿದೆ. ಅದನ್ನು ಕೇಳಿ ಪಡೆಯುವ ಹೆತ್ತವರು ಬೇಕು. ಆದರೆ ಕೇಳಿಸಿಕೊಳ್ಳಲು ಸಮಯವೂ ಬೇಕಲ್ಲ? ಐನೂರು ಮಕ್ಕಳಿಗೆ ಒಬ್ಬರಿರಬೇಕೆಂದು ಶಾಲಾ ಮನಶ್ಶಾಸ್ತ್ರಜ್ಞರ ರಾಷ್ಟ್ರೀಯ ಸಂಘಟನೆ ಹೇಳುತ್ತದೆ. ದೇಶದ ಸರಾಸರಿಯಲ್ಲಿ ಒಬ್ಬರ ಪಾಲಿಗೆ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಹೆತ್ತವರು ಒಪ್ಪಿಗೆ ಕೊಟ್ಟ ದಿನದಿಂದ ಸಾಮಾನ್ಯವಾಗಿ 60 ದಿನಗಳೊಳಗೆ ಮೌಲ್ಯಮಾಪನ ಮುಗಿಯಬೇಕು. ಹೀಗಾಗಿ ಮಗುವಿನೊಂದಿಗೆ ಮಾತಾಡುವುದಕ್ಕೆ ಗಡುವಿಲ್ಲ, ವರದಿಗೆ ಗಡುವಿದೆ. ಯಾವುದು ಹಿಂದೆ ಬೀಳುತ್ತದೆಂದು ಯಾವ ಮಾಸ್ತರರಿಗೂ ಬಿಡಿಸಿ ಹೇಳಬೇಕಾಗಿಲ್ಲ.