ಕಳಸ ಸಿಕ್ಕಿತು, ಹೊರನಾಡು ತಪ್ಪಿತು: ಡೇಟಾಬೇಸ್ ಎಣಿಕೆಯ ಒಂದು ವಿಮರ್ಶೆ

ಸ್ಥಳನಾಮಗಳ ಅಧ್ಯಯನದಲ್ಲಿ ಡೇಟಾಬೇಸ್ ಹುಡುಕಾಟದ ಫಲಿತಾಂಶವನ್ನೇ ಬಳಕೆಯ ಪ್ರಮಾಣವೆಂದು ಸ್ವೀಕರಿಸುವುದುಂಟು. ಆ ಹುಡುಕಾಟದ ಸಾಧನವು ಯಾವ ಲಿಪಿಯ ಸ್ವಭಾವಕ್ಕೆ ಹೊಂದುವಂತೆ ರೂಪುಗೊಂಡಿದೆ ಎಂಬುದನ್ನು ಮೊದಲು ಪರಿಶೀಲಿಸಬೇಕು.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ‘ಐಲೈಕ್’ ದೊಡ್ಡಕ್ಷರ–ಸಣ್ಣಕ್ಷರಗಳ ಭೇದವನ್ನು ಬದಿಗಿಟ್ಟು ಪದದ ಭಾಗವನ್ನು ಹುಡುಕುತ್ತದೆ. ಇಂಗ್ಲಿಷಿನಲ್ಲಿ ಈ ಭೇದವನ್ನು ಕಡೆಗಣಿಸಿದರೆ ನಷ್ಟ ಅಲ್ಪ. ಕನ್ನಡ ಲಿಪಿಯಲ್ಲಿ ಅಂಥ ಭೇದವೇ ಇಲ್ಲವಾದುದರಿಂದ ಈ ಸೌಲಭ್ಯಕ್ಕೆ ಅಲ್ಲಿ ಕೆಲಸವಿಲ್ಲ. ಆದರೆ ಐಟ್ರಾನ್ಸ್ ಲಿಪ್ಯಂತರದಲ್ಲಿ ಲಕಾರಕ್ಕೆ ಸಣ್ಣಕ್ಷರ, ಳಕಾರಕ್ಕೆ ದೊಡ್ಡಕ್ಷರ. ಅಲ್ಲಿ ಐಲೈಕ್ ಬಳಸಿದರೆ ‘ಹಳ್ಳಿ’ ಮತ್ತು ‘ಹಲ್ಲಿ’, ‘ಕೊಳ್ಳು’ ಮತ್ತು ‘ಕೊಲ್ಲು’ ಒಂದಾಗುತ್ತವೆ. ಅರ್ಥಭೇದಕವಾದ ಧ್ವನಿವ್ಯತ್ಯಾಸವೇ ಅಳಿಸಿಹೋಗುತ್ತದೆ.

ಕನ್ನಡ ಲಿಪಿಯಲ್ಲಿಯೇ ದಾಖಲಿಸಿದರೂ ತೊಡಕು ತಪ್ಪದು. ಚಿಕ್ಕಮಗಳೂರು ಜಿಲ್ಲೆಯ ಕಳಸವನ್ನೂ ಅದರ ನೆರೆಯ ಹೊರನಾಡನ್ನೂ ಗಮನಿಸಬಹುದು. ‘ಕಳಸ’ ಎಂದು ಹುಡುಕಿದರೆ ‘ಕಳಸದಲ್ಲಿ’, ‘ಕಳಸಕ್ಕೆ’ ದೊರೆಯುತ್ತವೆ. ಯೂನಿಕೋಡ್‌ನಲ್ಲಿ ವ್ಯಂಜನದೊಳಗಿನ ಅಕಾರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಉಳಿದ ಸ್ವರಚಿಹ್ನೆಗಳು ವ್ಯಂಜನದ ಬಳಿಕ ಬರುತ್ತವೆ. ಹಾಗಾಗಿ ಗುಣಸಂಧಿಯಾದ ‘ಕಳಸೇಶ್ವರ’ವೂ ಸಿಗುತ್ತದೆ. ‘ಹೊರನಾಡು’ ಎಂದು ಹುಡುಕಿದರೆ ‘ಹೊರನಾಡಿಗೆ’, ‘ಹೊರನಾಡಿನ’, ‘ಹೊರನಾಡಲ್ಲಿ’ ಮೂರೂ ತಪ್ಪಿಹೋಗುತ್ತವೆ, ಏಕೆಂದರೆ ವಿಭಕ್ತಿ ಪ್ರತ್ಯಯದ ಮುಂದೆ ಕೊನೆಯ ಉಕಾರ ಉಳಿಯುವುದಿಲ್ಲ. ಹೀಗಾಗಿ ಒಂದೇ ಪಠ್ಯದಲ್ಲಿ ಎರಡೂ ಊರುಗಳು ಸಮಸಂಖ್ಯೆಯಲ್ಲಿ ಬಂದಿದ್ದರೂ ಎಣಿಕೆಯಲ್ಲಿ ಕಳಸವೇ ಮುಂದಿರುತ್ತದೆ.

ಕೊನೆಯ ಸ್ವರಚಿಹ್ನೆಯನ್ನು ಬಿಟ್ಟು ‘ಹೊರನಾಡ’ ಎಂದು ಹುಡುಕಬಹುದಲ್ಲ ಎಂಬ ಆಕ್ಷೇಪ ಯುಕ್ತವೇ. ಆಗ ತಪ್ಪಿಹೋದ ರೂಪಗಳು ದೊರೆಯುತ್ತವೆ; ಜೊತೆಗೆ ‘ಹೊರನಾಡ ಕನ್ನಡಿಗರು’ ಕೂಡ ಬಂದು ಸೇರುತ್ತಾರೆ. ಗುಡಿಯ ಶಿಖರದ ಕಳಸವಂತೂ ಊರಿನ ಲೆಕ್ಕಕ್ಕೆ ಆಗಲೇ ಸೇರಿರುತ್ತದೆ. ಉತ್ತರಪದಗಳ ಅಧ್ಯಯನದಲ್ಲಿ ಸ್ಥಿತಿ ಇನ್ನೂ ವಿಷಮ. ‘ಊರು’ ಎಂಬ ಹುಡುಕಾಟಕ್ಕೆ ‘ಚಿಕ್ಕಮಗಳೂರು’ ಸಿಗುವುದೇ ಇಲ್ಲ. ಸಮಾಸದಲ್ಲಿ ಸ್ವರಾಕ್ಷರವು ಸ್ವರಚಿಹ್ನೆಯಾಗಿ ಮಾರ್ಪಟ್ಟಿರುತ್ತದೆ, ಎರಡಕ್ಕೂ ಸಂಕೇತ ಬೇರೆ. ‘ಹಳ್ಳಿ’ಯನ್ನು ಹುಡುಕಿದರೆ ಕಳಸ ಸೀಮೆಯ ‘ಹಳುವಳ್ಳಿ’ ಹೊರಗುಳಿಯುತ್ತದೆ.

ಯಾವ ಎರಡು ರೂಪಗಳು ಒಂದೇ ಎಂಬುದು ಭಾಷಾವಿಜ್ಞಾನದ ತೀರ್ಮಾನ. ಅದನ್ನು ತಂತ್ರಾಂಶದ ಪೂರ್ವನಿಯೋಜಿತ ವ್ಯವಸ್ಥೆಗೆ ಒಪ್ಪಿಸುವುದು ಸಲ್ಲದು. ಸಂಧಿ, ವಿಭಕ್ತಿಗಳನ್ನು ಬಿಡಿಸಿದ ಮೂಲರೂಪವನ್ನು ಪ್ರತ್ಯೇಕ ಅಂಕಣದಲ್ಲಿ ದಾಖಲಿಸಿ ಅದರಲ್ಲಿ ಹುಡುಕುವುದು ಶ್ರಮದ ದಾರಿಯಾದರೂ ನೆಚ್ಚಬಹುದಾದ ದಾರಿ. ಅಷ್ಟು ಸಾಧ್ಯವಾಗದ ಕಡೆ, ಎಣಿಕೆಯನ್ನು ಪ್ರಕಟಿಸುವ ಸಂಶೋಧಕರು ಹುಡುಕಿದ ಸೂತ್ರವನ್ನೂ ಯಥಾವತ್ತಾಗಿ ಪ್ರಕಟಿಸಬೇಕು. ಸೂತ್ರವಿಲ್ಲದ ಸಂಖ್ಯೆಯನ್ನು ಮರುಪರಿಶೀಲಿಸಲು ಯಾರಿಗೂ ಸಾಧ್ಯವಿಲ್ಲ.